ಕೂಲಿಗೆ ಬರೆದ ಮಾತು

ನಮ್ಮಲ್ಲಿ ದುಡಿಮೆಯ ದುಡ್ಡಿಗೆ ಕೈಗೊಂದು ಹೆಸರಿದೆ. ಗದ್ದೆಯಲ್ಲಿ ಕಳೆ ಕಿತ್ತವಳಿಗೆ ಕೊಟ್ಟರೆ ಅದು ಕೂಲಿ. ಕಚೇರಿಯಲ್ಲಿ ಕುಳಿತವನಿಗೆ ಕೊಟ್ಟರೆ ಸಂಬಳ. ವಕೀಲರಿಗೆ, ಡಾಕ್ಟರಿಗೆ ಕೊಟ್ಟರೆ ಫೀಜು. ಬರೆದವರಿಗೆ ಕೊಡುವುದು ಮಾತ್ರ ಸಂಭಾವನೆ. ಪುರೋಹಿತರಿಗೆ ಕೊಡುವುದಕ್ಕೂ ಇದೇ ಹೆಸರು. ಸಂಭಾವನೆ ಎಂದರೆ ಮರ್ಯಾದೆ, ಗೌರವ. ಕೇಳುವುದಕ್ಕೇನೋ ಹಿತವಾಗಿದೆ. ಆದರೆ ಕಳೆ ಕಿತ್ತವಳು ಸಂಜೆ ಸೊಂಟದ ಮೇಲೆ ಕೈಯಿಟ್ಟು 'ಕೂಲಿ ಎಲ್ಲಿ?' ಎಂದು ಕೇಳಬಲ್ಲಳು. ಬರೆದವಳು 'ನನ್ನ ಗೌರವ ಎಲ್ಲಿ?' ಎಂದು ಕೇಳುವ ಹಾಗಿಲ್ಲ. ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಳ್ಳಬೇಕು, ಕೊಡದಿದ್ದರೆ ಸುಮ್ಮನಿರಬೇಕು. ಮರ್ಯಾದೆಯ ಹೆಸರಿಟ್ಟು ಬಾಯಿ ಕಟ್ಟುವ ಈ ಜಾಣತನವನ್ನು ಯಾರು ಕಂಡುಹಿಡಿದರೋ!

ಹೆಸರಿನ ಜಗಳ ಇರಲಿ. ನನ್ನನ್ನು ಬಹಳ ವರ್ಷಗಳಿಂದ ಕಾಡಿರುವ ಪ್ರಶ್ನೆ ಬೇರೆ. ಎಲ್ಲೂ ಕೆಲಸ ಸಿಗದವರು, ಸಿಗಬೇಕಾದಲ್ಲಿ 'ನೀವು ಬೇಡ' ಎನ್ನಿಸಿಕೊಂಡವರು, ಹೊಟ್ಟೆಪಾಡಿಗಾಗಿ ಬರೆಯಲು ಕೂರುತ್ತಾರೆ. ಹಾಗೆ ಕುಳಿತವರು ಕೊನೆಗೆ ಮಾರುವುದು ಏನನ್ನು? ಕೈಬೆರಳಿನ ಶ್ರಮವನ್ನೇ? ಕಲಿತ ವಿದ್ಯೆಯನ್ನೇ? ಅಥವಾ ತಮ್ಮ ಮಾತನ್ನೇ? ಶ್ರಮವನ್ನೂ ವಿದ್ಯೆಯನ್ನೂ ಲೋಕವೆಲ್ಲ ಮಾರುತ್ತದೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಮಾತನ್ನು ಮಾರಬಹುದೇ ಎಂಬಲ್ಲಿ ಬಂದಾಗ ಮನಸ್ಸು ತಡವರಿಸುತ್ತದೆ.

ಬಿ.ಎ. ಓದುವಾಗ ನಾನು ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಿದ್ದೆ. ಸ್ಯಾಮ್ಯುಯೆಲ್ ಜಾನ್ಸನ್ ಎಂದರೆ ಆಗ ನಮಗೆ ನಿಘಂಟು ಬರೆದ ಒಬ್ಬ ದಪ್ಪನೆಯ ಮನುಷ್ಯ, ಬಾಸ್ವೆಲ್ ಎಂಬಾತ ಹಿಂದೆ ಹಿಂದೆ ತಿರುಗಿ ಅವನ ಮಾತುಗಳನ್ನೆಲ್ಲ ಬರೆದುಕೊಂಡ, ಅಷ್ಟೆ. ಪರೀಕ್ಷೆಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ನನಗೆ ಜಾನ್ಸನ್ ನಿಜವಾಗಿ ಪರಿಚಯವಾದದ್ದು ನಾನು ಕೆಲಸ ಹುಡುಕಲು ಶುರುಮಾಡಿದ ಮೇಲೆ.

ಅವನು ಹುಟ್ಟಿದ್ದು 1709ರಲ್ಲಿ, ಇಂಗ್ಲೆಂಡಿನ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ. ತಂದೆ ಪುಸ್ತಕದ ವ್ಯಾಪಾರಿ, ಸದಾ ಕೈ ಬರಿದು. ಮಗ ಆಕ್ಸ್‌ಫರ್ಡ್ ಸೇರಿದ. ಒಂದು ವರ್ಷ ಕಳೆದು ಸ್ವಲ್ಪ ದಿನಗಳಲ್ಲೇ ದುಡ್ಡಿಲ್ಲದೆ ಪದವಿಯನ್ನೂ ಪಡೆಯದೆ ಹಿಂತಿರುಗಿದ. ಎಳವೆಯಲ್ಲಿ ಬಂದ ಗಂಡಮಾಲೆ ರೋಗ ಮುಖದ ಮೇಲೆ ಕಲೆ ಉಳಿಸಿತ್ತು, ಒಂದು ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಸಾಲದ್ದಕ್ಕೆ ಮುಖದ ಸ್ನಾಯುಗಳು ಅವನ ಹತೋಟಿ ಮೀರಿ ಸೆಳೆದುಕೊಳ್ಳುತ್ತಿದ್ದವು. 1735ರಲ್ಲಿ ಸಾಲಿಹಲ್ ಎಂಬಲ್ಲಿನ ಶಾಲೆಯ ಮುಖ್ಯೋಪಾಧ್ಯಾಯ ಹುದ್ದೆಗೆ ಅವನ ಹೆಸರು ಹೋಯಿತು. ಶಾಲೆಯವರು ವಿಚಾರಿಸಿ ಬೇಡವೆಂದರು. ವಿದ್ವತ್ತಿನ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಆಸಾಮಿ ಗರ್ವಿಷ್ಠನೆಂದು ಕೇಳಿದ್ದೇವೆ; ಅಲ್ಲದೆ ಮುಖವನ್ನು ಸೊಟ್ಟಗೆ ಮಾಡುತ್ತಾನಂತೆ, ಪಾಪ ಅದು ಅವನ ಕೈಯಲ್ಲಿಲ್ಲದ್ದು, ಆದರೂ ಹುಡುಗರ ಮೇಲೆ ಪರಿಣಾಮವಾದೀತು. ಇದು ಅವರು ಕೊಟ್ಟ ಕಾರಣದ ಸಾರಾಂಶ.

ಆ ಕಾರಣ ಓದಿದಾಗ ನನಗೆ ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು. ಏಕೆಂದರೆ 1993ರ ಜೂನ್‌ನಲ್ಲಿ ನಾನೂ ಒಂದು ಸಂದರ್ಶನ ಮುಗಿಸಿ ಬಂದಿದ್ದೆ. ನಮ್ಮ ತಿಪಟೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಒಂದು ಅನುದಾನಿತ ಪ್ರೌಢಶಾಲೆ. ಕನ್ನಡ ಮತ್ತು ಸಮಾಜಶಾಸ್ತ್ರಕ್ಕೆ ಒಂದೇ ಜಾಗ. ಆಡಳಿತ ಮಂಡಳಿಯ ಐದು ಮಂದಿ ಕುಳಿತಿದ್ದರು. ಪಾಠದ ವಿಷಯವಾಗಿ ಎರಡು ಪ್ರಶ್ನೆ, ಮನೆಯ ವಿಷಯವಾಗಿ ಆರು ಪ್ರಶ್ನೆ. ಕೊನೆಗೆ ಅಧ್ಯಕ್ಷರು, 'ಎಲ್ಲಾ ಸರಿ ಕಣಮ್ಮ, ಆದ್ರೆ ನಿಮ್ಮ ದನಿ ಕಡೇ ಬೆಂಚಿಗೆ ಮುಟ್ಟಲ್ವಲ್ಲ' ಎಂದರು. ಹದಿನೈದು ದಿನದ ನಂತರ ಎರಡು ಸಾಲಿನ ಪತ್ರ ಬಂತು. ಆಯ್ಕೆಯಾದವರ ದನಿ ಎಷ್ಟು ದೊಡ್ಡದಿತ್ತೋ ನನಗೆ ಗೊತ್ತಿಲ್ಲ. ಅವರ ಮಾವನವರ ದನಿ ಮಂಡಳಿಯಲ್ಲಿ ದೊಡ್ಡದಿತ್ತೆಂದು ಆಮೇಲೆ ಕೇಳಿದೆ. ಇದಾಗಿ ಮೂರು ವರ್ಷಕ್ಕೆ ಸರ್ಕಾರಿ ಪ್ರೌಢಶಾಲೆಗೆ ನೇಮಕವಾಗಿ, ಅಂದಿನಿಂದ ಕಡೇ ಬೆಂಚಿನವರನ್ನೇ ಹೆಚ್ಚಾಗಿ ಎಬ್ಬಿಸಿ ನಿಲ್ಲಿಸುತ್ತಾ ಬಂದಿದ್ದೇನೆ. ಅದು ಬೇರೆ ಮಾತು. ನಾನು ಹೇಳಬೇಕೆಂದಿರುವುದು ನಡುವಿನ ಆ ಮೂರು ವರ್ಷಗಳ ಬಗ್ಗೆ.

ಕೆಲಸಕ್ಕೆ ಬೇಡವೆಂದಾಗ ಆಗುವ ನೋವಿನ ಸ್ವರೂಪವೇ ವಿಚಿತ್ರ. ನಿರಾಕರಿಸಿದವರು ಒಂದು ಹುದ್ದೆಗೆ ಒಬ್ಬರನ್ನು ಒಲ್ಲೆನೆಂದಿರುತ್ತಾರೆ. ಆದರೆ ಕೇಳಿಸಿಕೊಂಡವರ ಕಿವಿಗೆ ಅದು ಇಡೀ ಬಾಳಿನ ಮೇಲೆ ಬರೆದ ಷರಾದ ಹಾಗೆ ಕೇಳಿಸುತ್ತದೆ. ನಾನು ಎರಡು ತಿಂಗಳು ಮನೆಯಲ್ಲಿ ಪಿಸುದನಿಯಲ್ಲಿ ಮಾತಾಡುತ್ತಿದ್ದೆನಂತೆ. ನನ್ನ ಯಜಮಾನರು ಹೇಳಿದ ಮೇಲೆಯೇ ಅದು ನನ್ನ ಗಮನಕ್ಕೆ ಬಂದದ್ದು. ಅವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಗಳಿಗೆ ಆಗ ಎಂಟು ತಿಂಗಳು. ನನ್ನ ಎರಡು ಬಳೆ ಗಿರವಿ ಅಂಗಡಿಯಲ್ಲಿದ್ದವು.

ಬರೆಯಲು ಶುರುಮಾಡಿದ್ದು ಆ ಪಿಸುದನಿಯ ಕಾಲದಲ್ಲೇ. ವಾರಪತ್ರಿಕೆಗಳ ಮಹಿಳಾ ಪುಟಕ್ಕೆ, ಮಕ್ಕಳ ಪುಟಕ್ಕೆ, ನಗೆಬರಹದ ಮೂಲೆಗೆ. ಆ ಕಾಲದಲ್ಲಿ ಬರೆದವರಿಗೆ ಗೊತ್ತು, ಅಸ್ವೀಕೃತ ಲೇಖನ ವಾಪಸು ಬೇಕಾದರೆ ಸಾಕಷ್ಟು ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯನ್ನು ಜೊತೆಗಿಟ್ಟು ಕಳಿಸಬೇಕಿತ್ತು. ನಮ್ಮ ತಿರಸ್ಕಾರಕ್ಕೆ ನಾವೇ ಲಕೋಟೆ, ನಾವೇ ಅಂಚೆ ಖರ್ಚು! ಅಂಚೆಯಣ್ಣ ನನ್ನದೇ ಕೈಬರಹದ ಲಕೋಟೆಯನ್ನು ಹಿಡಿದು ಬರುವುದು ದೂರದಿಂದಲೇ ಗೊತ್ತಾಗುತ್ತಿತ್ತು. ಮೊದಲ ಆರೇಳು ಹಾಗೆಯೇ ತಿರುಗಿ ಬಂದವು. ಆದರೆ ಈ ನಿರಾಕರಣೆಗೂ ಆ ಶಾಲೆಯ ಪತ್ರಕ್ಕೂ ಒಂದು ವ್ಯತ್ಯಾಸವಿತ್ತು. ಪತ್ರಿಕೆಯವರು ಬೇಡವೆಂದದ್ದು ನಾಲ್ಕು ಪುಟವನ್ನು. ಆ ನಾಲ್ಕು ಪುಟವನ್ನು ಮರುದಿನ ಇನ್ನೊಂದು ಪತ್ರಿಕೆಗೆ ಕಳಿಸಬಹುದಿತ್ತು, ತಿದ್ದಬಹುದಿತ್ತು, ಒಲೆಗೆ ಹಾಕಬಹುದಿತ್ತು. ನನ್ನ ದನಿಯನ್ನು ಹಾಗೆ ಮಾಡಲಾಗುತ್ತಿರಲಿಲ್ಲ. ಹತ್ತು ಸಲ ಸಣ್ಣದಾಗಿ ಬೇಡ ಎನ್ನಿಸಿಕೊಂಡು, ದೊಡ್ಡ 'ಬೇಡ'ದ ಉರಿ ಹೇಗೋ ತಣ್ಣಗಾಗುತ್ತಾ ಬಂತು. ಮೊದಲ ಮನಿಯಾರ್ಡರು 60 ರೂಪಾಯಿಯದು. ನಮ್ಮತ್ತೆ ಅದನ್ನು ಎರಡು ಸಲ ಎಣಿಸಿ, 'ಕೂತ್ಕಂಡು ಗೀಚೋದಕ್ಕೂ ದುಡ್ಡು ಕೊಡ್ತಾರೇನಮ್ಮಿ?' ಎಂದರು.

ಅರವತ್ತು ರೂಪಾಯಿಯಲ್ಲಿ ಬಳೆ ಬಿಡಿಸಿಕೊಳ್ಳಲಾಗದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಹುಡುಕಲು ಹೋಗಿದ್ದಾಗ ಪರಿಚಯವಾದ ಪ್ರಕಾಶಕರೊಬ್ಬರು ಎಸ್.ಎಸ್.ಎಲ್.ಸಿ. ಕನ್ನಡಕ್ಕೆ ಗೈಡು ಬರೆದುಕೊಡುತ್ತೀರಾ ಎಂದು ಕೇಳಿದರು. ಪುಟಕ್ಕೆ 15 ರೂಪಾಯಿ. ಶಾಲೆ ತೆರೆಯುವುದರೊಳಗೆ ಮುಗಿಯಬೇಕು. ಪ್ರಶ್ನೋತ್ತರ, ಸಾರಾಂಶ, ಪತ್ರಲೇಖನ, ಪ್ರಬಂಧ, ಗಾದೆಗಳ ವಿಸ್ತರಣೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ತೂಗುತ್ತಾ, 220 ಪುಟ ಬರೆದೆ. ಬೆಳಗಿನ ರೈಲು ಹತ್ತಿ ಕಂತು ಕಂತಾಗಿ ಒಪ್ಪಿಸಿ ಬಂದೆ. ಪುಸ್ತಕ ಬಂದಾಗ ಮುಖಪುಟದ ಮೇಲೆ 'ಅನುಭವಿ ಅಧ್ಯಾಪಕರ ಮಂಡಲಿಯಿಂದ' ಎಂದು ಅಚ್ಚಾಗಿತ್ತು. ಅಧ್ಯಾಪಕಿಯಾಗಲು ತಕ್ಕವಳಲ್ಲವೆಂದು ತಿರುಗಿ ಕಳಿಸಿದ್ದ ಒಬ್ಬಳೇ ಹೆಂಗಸು ಒಂದು ಇಡೀ ಮಂಡಲಿಯಾಗಿ ಹೊರಬಂದಿದ್ದಳು. ಬಳೆಗಳೂ ಹೊರಬಂದವು.

ಈಗ ಮತ್ತೆ ಜಾನ್ಸನ್ನನ ಬಳಿಗೆ ಹೋಗಬೇಕು, ಏಕೆಂದರೆ ನನ್ನ ಗೈಡಿನ ಕತೆಯನ್ನು ನ್ಯಾಯವಾಗಿ ತೂಗಲು ನನಗೆ ಸಿಕ್ಕಿದ ತಕ್ಕಡಿ ಅವನದೇ. ಶಾಲೆಯವರು ಬೇಡವೆಂದ ಮೇಲೆ ಅವನು ಹೆಂಡತಿ ತಂದಿದ್ದ ಹಣ ಹಾಕಿ ಈಡಿಯಲ್ ಎಂಬ ಹಳ್ಳಿಯಲ್ಲಿ ಸ್ವಂತ ಶಾಲೆ ತೆರೆದ. ಬೆರಳೆಣಿಕೆಯ ಹುಡುಗರು ಬಂದರು. ಶಾಲೆ ಮುಚ್ಚಿತು. 1737ರಲ್ಲಿ, ಆ ಹುಡುಗರಲ್ಲೊಬ್ಬನಾಗಿದ್ದ, ಮುಂದೆ ಮಹಾನಟನಾದ ಡೇವಿಡ್ ಗ್ಯಾರಿಕ್‌ನ ಜೊತೆ ಲಂಡನ್ನಿಗೆ ಹೊರಟ. ಎಡ್ವರ್ಡ್ ಕೇವ್ ಎಂಬುವನು ನಡೆಸುತ್ತಿದ್ದ 'ಜಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಮಾಸಪತ್ರಿಕೆಗೆ ಬರೆಯತೊಡಗಿದ. ಅನುವಾದ, ಜೀವನಚರಿತ್ರೆ, ಕೇಳಿದ್ದೆಲ್ಲ.

ಆಗ ಅಲ್ಲಿನ ಪಾರ್ಲಿಮೆಂಟಿನ ಚರ್ಚೆಗಳನ್ನು ಅಚ್ಚು ಮಾಡುವುದಕ್ಕೆ ನಿಷೇಧವಿತ್ತು. ಪತ್ರಿಕೆಯವರು ಒಂದು ಉಪಾಯ ಹೂಡಿದರು. ಸ್ವಿಫ್ಟ್‌ನ ಗಲಿವರನ ಕತೆಯಿಂದ ಲಿಲಿಪುಟ್ ದೇಶದ ಹೆಸರನ್ನು ಎರವಲು ತಂದು, ಆ ದೇಶದ ಸಭೆಯ ಚರ್ಚೆಗಳೆಂಬಂತೆ ಪ್ರಕಟಿಸಿದರು. ಯಾರು ಯಾರೆಂದು ಓದುಗರಿಗೆಲ್ಲ ತಿಳಿಯುತ್ತಿತ್ತು. 1741ರಿಂದ 1744ರವರೆಗೆ ಈ ಚರ್ಚೆಗಳನ್ನು ಬರೆದವನು ಜಾನ್ಸನ್. ಸಭೆಗೆ ಹೋಗಿ ಕೇಳಿ ಬರೆದನೆಂದುಕೊಳ್ಳಬೇಡಿ. ಯಾರು ಮಾತಾಡಿದರು, ಯಾವ ಪಕ್ಷ ಹಿಡಿದರು ಎಂಬ ಅಲ್ಪಸ್ವಲ್ಪ ಸುದ್ದಿ ಕೈಗೆ ಬರುತ್ತಿತ್ತು. ಕೆಲವೊಮ್ಮೆ ಅದೂ ಇಲ್ಲ. ಭಾಷಣಗಳನ್ನು ಬಾಡಿಗೆ ಕೋಣೆಯಲ್ಲಿ ಕುಳಿತು ತಾನೇ ಕಟ್ಟಿದ. ವರ್ಷಗಳ ಮೇಲೆ ಒಂದು ಊಟದ ಪಂಕ್ತಿಯಲ್ಲಿ ಯಾರೋ ವಿಲಿಯಂ ಪಿಟ್‌ನ ಒಂದು ಭಾಷಣವನ್ನು ಬಾಯ್ತುಂಬ ಹೊಗಳುತ್ತಿದ್ದಾಗ, ಅದನ್ನು ಬರೆದವನು ನಾನು ಎಂದು ಜಾನ್ಸನ್ ಹೇಳಿ ಎಲ್ಲರನ್ನೂ ಬೆರಗುಗೊಳಿಸಿದನೆಂಬ ಕತೆಯಿದೆ. ಆದರೆ ಜನ ಅವನ್ನು ನಿಜವಾದ ಭಾಷಣಗಳೆಂದೇ ನಂಬುತ್ತಿದ್ದಾರೆಂದು ಗೊತ್ತಾದ ಮೇಲೆ ಬರೆಯುವುದನ್ನು ನಿಲ್ಲಿಸಿದ. 1784ರಲ್ಲಿ, ಸಾಯುವುದಕ್ಕೆ ಕೆಲವೇ ದಿನಗಳ ಹಿಂದೆ, ತಾನು ಬರೆದದ್ದರಲ್ಲೆಲ್ಲ ಮನಸ್ಸನ್ನು ಚುಚ್ಚುವುದು ಆ ಚರ್ಚೆಗಳು ಮಾತ್ರ ಎಂದು ಹೇಳಿಕೊಂಡನಂತೆ.

ಇದರ ಎದುರಿಗೆ ಇನ್ನೊಂದನ್ನು ಇಡಬೇಕು. ಇದೇ ಜಾನ್ಸನ್ ಪಾದ್ರಿಗಳಿಗೆ ಧರ್ಮೋಪದೇಶಗಳನ್ನು ಬರೆದುಕೊಡುತ್ತಿದ್ದ. ಹಣಕ್ಕೂ ಬರೆದ, ಗೆಳೆತನಕ್ಕೂ ಬರೆದ. 1777ರಲ್ಲಿ ಸುಳ್ಳು ಪತ್ರ ಸೃಷ್ಟಿಸಿದ ಅಪರಾಧಕ್ಕೆ ಗಲ್ಲು ಶಿಕ್ಷೆಯಾಗಿದ್ದ ವಿಲಿಯಂ ಡಾಡ್ ಎಂಬ ಪಾದ್ರಿ ಸೆರೆಮನೆಯಲ್ಲಿ ಜೊತೆಯ ಕೈದಿಗಳಿಗೆ ಮಾಡಿದ ಉಪದೇಶವನ್ನೂ ಬರೆದುಕೊಟ್ಟವನು ಇವನೇ, ಅದೂ ಬಿಟ್ಟಿಯಾಗಿ. ಆ ಭಾಷೆ ಡಾಡ್‌ನದಲ್ಲವೇನೋ ಎಂದು ಅನುಮಾನಿಸಿದವರಿಗೆ ಹಾರಿಕೆಯ ಉತ್ತರ ಕೊಟ್ಟು ಗುಟ್ಟು ಉಳಿಸಿದ. ಇದ್ಯಾವುದೂ ಅವನ ಮನಸ್ಸನ್ನು ಚುಚ್ಚಿದ ಹಾಗೆ ಕಾಣುವುದಿಲ್ಲ.

ಹೊರನೋಟಕ್ಕೆ ಎರಡೂ ಒಂದೇ. ಎರಡರಲ್ಲೂ ಬರೆದವನು ಒಬ್ಬ, ಆಡಿದವನೆಂದು ಹೆಸರು ಇನ್ನೊಬ್ಬನದು. ಹಾಗಿದ್ದಮೇಲೆ ಒಂದು ಚುಚ್ಚಿದ್ದೇಕೆ, ಇನ್ನೊಂದು ಚುಚ್ಚದೆ ಇದ್ದದ್ದೇಕೆ? ನನಗೆ ತೋರುವುದು ಹೀಗೆ. ಪಾದ್ರಿ ಆ ಉಪದೇಶವನ್ನು ಕೈಗೆ ತೆಗೆದುಕೊಂಡು, ಓದಿ, ಒಪ್ಪಿ, ಪೀಠದ ಮೇಲೆ ನಿಂತು ತನ್ನ ಬಾಯಿಂದ ಹೇಳಿದ. ಹೇಳಿದ ಕ್ಷಣದಿಂದ ಅದರ ಹೊಣೆ ಅವನದು. ಸುಳ್ಳು ಹೇಳಬೇಡಿ ಎಂಬ ಮಾತನ್ನು ಯಾರು ಬರೆದುಕೊಟ್ಟರೂ ಕೇಳಿದವನಿಗೆ ಅದರಿಂದ ಮೋಸವಿಲ್ಲ. ಪಾರ್ಲಿಮೆಂಟಿನ ಸಂಗತಿ ಹಾಗಲ್ಲ. ದೂರದ ಊರಿನ ಓದುಗ, ನಮ್ಮನ್ನು ಆಳುವವರು ಹೀಗೆಂದರು ಎಂದು ನಂಬಿ, ಅದರ ಮೇಲೆ ತನ್ನ ಅಭಿಪ್ರಾಯ ಕಟ್ಟುತ್ತಾನೆ. ಅವರು ಹಾಗೆ ಅಂದಿರುವುದೇ ಇಲ್ಲ. ಅವನು ಒರಗಿದ ಗೋಡೆ ಅಲ್ಲಿಲ್ಲ. ಹಣ ಪಡೆದದ್ದು ಇಲ್ಲಿ ತಪ್ಪಲ್ಲ, ಹೆಸರು ಮರೆಸಿದ್ದೂ ತಪ್ಪಲ್ಲ. ಓದುವವನು ಯಾವುದನ್ನು ನಂಬಿ ಓದುತ್ತಿದ್ದಾನೋ ಅದೇ ಇಲ್ಲದಿರುವುದು ತಪ್ಪು.

ಈ ತಕ್ಕಡಿಯಲ್ಲಿ ನನ್ನ ಗೈಡನ್ನು ಇಟ್ಟರೆ ಮುಳ್ಳು ಯಾವ ಕಡೆಗೆ ವಾಲುತ್ತದೆ? ಅಂಗಡಿಯಲ್ಲಿ ರಾಜಾರೋಷವಾಗಿ ನೇತುಹಾಕಿ ಮಾರುವ ಪುಸ್ತಕ ಅದು. ಅದರಲ್ಲಿರುವುದು ಸಿದ್ಧ ಉತ್ತರವೆಂದು ಮಕ್ಕಳಿಗೂ ಗೊತ್ತು, ತಂದೆತಾಯಿಗಳಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಆದ್ದರಿಂದ ಅದು ಉಪದೇಶದ ಜಾತಿಗೆ ಸೇರಿದ್ದೆಂದು ನನ್ನ ಮತ. ಕೊಂಡವನು ಓದಿ, ಒಪ್ಪಿ, ತನ್ನದಾಗಿಸಿಕೊಂಡು ಬರೆದರೆ ಯಾರಿಗೂ ಮೋಸವಿಲ್ಲ. ನನ್ನ ಸಹೋದ್ಯೋಗಿಯೊಬ್ಬರು, 'ತನ್ನದಾಗಿಸಿಕೊಂಡು ಅನ್ನೋ ಒಂದು ಪದದ ಹಿಂದೆ ಬಚ್ಚಿಟ್ಟುಕೊಳ್ತೀರಲ್ಲ ಮೇಡಂ' ಎಂದು ನಕ್ಕಿದ್ದರು. ಅವರ ನಗುವಿಗೆ ಉತ್ತರ ಸಿಕ್ಕಿದ್ದು, ಅಥವಾ ಅರ್ಧ ಉತ್ತರ ಸಿಕ್ಕಿದ್ದು, 1999ರ ಏಪ್ರಿಲ್ ತಿಂಗಳ ಮೌಲ್ಯಮಾಪನದಲ್ಲಿ.

ಗಾದೆಗಳ ಪೈಕಿ 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದಿತ್ತು. ಗೈಡಿನಲ್ಲಿ ಅದನ್ನು ವಿಸ್ತರಿಸುವಾಗ ನಾನು ಒಂದು ವಾಕ್ಯ ಬರೆದಿದ್ದೆ: ಕೆಸರಿನ ಕೈ ಕಂಡು ಮೂಗು ಮುರಿಯುವವರೂ ಮೊಸರಿನ ಗಡಿಗೆ ಕಂಡರೆ ಹತ್ತಿರ ಬರುತ್ತಾರೆ. ಅಚ್ಚುಮನೆಯಲ್ಲಿ ಒಂದು ದೀರ್ಘ ಹೆಚ್ಚಿಗೆ ಬಿದ್ದು 'ಗಡಿಗೆ' ಎಂಬುದು 'ಗಾಡಿಗೆ' ಆಗಿತ್ತು. ಆ ಏಪ್ರಿಲ್‌ನ ಸೆಕೆಯಲ್ಲಿ, ಫ್ಯಾನಿನ ಗಾಳಿಗೆ ಹಾರುವ ಹಾಳೆಗಳನ್ನು ಡಸ್ಟರಿನಿಂದ ಒತ್ತಿ ಹಿಡಿದು ತಿದ್ದುತ್ತಿದ್ದಾಗ, ಒಂದು ಪತ್ರಿಕೆಯಲ್ಲಿ ನನ್ನ ವಾಕ್ಯ ಎದುರಾಯಿತು. 'ಮೊಸರಿನ ಗಾಡಿಗೆ ಕಂಡರೆ ಹತ್ತಿರ ಬರುತ್ತಾರೆ.' ಮುಂದಿನದರಲ್ಲೂ ಅದೇ. ಒಂದೇ ಕಟ್ಟಿನಲ್ಲಿ ಹನ್ನೊಂದು ಮಕ್ಕಳು ಮೊಸರಿನ ಗಾಡಿಗೆ ಕಂಡಿದ್ದರು. ಅರ್ಥವಾಗದ್ದನ್ನು ಅಕ್ಷರ ತಪ್ಪದೆ ಉರು ಹಾಕಿದ ಆ ನಿಷ್ಠೆಗೆ ಅಳಬೇಕೋ ನಗಬೇಕೋ. ಆ ಮಕ್ಕಳ ಬಾಯಲ್ಲಿ ನನ್ನ ಮಾತಿತ್ತು, ಅವರು ಮಾತ್ರ ಅಲ್ಲಿರಲಿಲ್ಲ. ಪರೀಕ್ಷಕಳಾದ ನಾನು ಒರಗಬೇಕಾದ ಗೋಡೆಯೂ ಅಲ್ಲಿರಲಿಲ್ಲ.

ಹನ್ನೆರಡನೆಯದು ಬೇರೆಯಾಗಿತ್ತು. ಹುಡುಗನೋ ಹುಡುಗಿಯೋ, ನೋಂದಣಿ ಸಂಖ್ಯೆಯಲ್ಲಿ ಅದು ತಿಳಿಯುವುದಿಲ್ಲ. ಅಕ್ಷರ ದುಂಡಗಿರಲಿಲ್ಲ. ಆ ಮಗುವೂ ಗೈಡನ್ನೇ ಓದಿತ್ತು, ಸಂಶಯವಿಲ್ಲ. ಆದರೆ 'ಗಾಡಿಗೆ ಕಂಡರೆ' ಎಂಬುದು ಅದಕ್ಕೆ ಸರಿ ಕಂಡಿರಲಿಲ್ಲ. ಅದನ್ನು 'ಮೊಸರಿನ ಗಾಡಿ ಕಂಡರೆ' ಎಂದು ತಾನೇ ತಿದ್ದಿಕೊಂಡಿತ್ತು. ತಿದ್ದಿದ ಮೇಲೆ, ಗಾಡಿ ಎಲ್ಲಿಂದ ಬಂತೆಂದು ಯೋಚಿಸಿರಬೇಕು. ತಮ್ಮ ಊರಿಗೆ ಬೆಳಿಗ್ಗೆ ಡೈರಿಯ ಗಾಡಿ ಬರುತ್ತದೆಂದೂ, ಅವ್ವ ಸಗಣಿ ಬಾಚಿ ಹಾಲು ಕರೆದು ಓಡಿಹೋಗಿ ಹಾಕಿ ಬರುತ್ತಾಳೆಂದೂ, ಗಾಡಿಯವನು ಅವಳ ಕೈ ನೋಡಿ ಕ್ಯಾನನ್ನು ಮುಟ್ಟಿಸಿಕೊಳ್ಳುವುದಿಲ್ಲವೆಂದೂ, ಹಾಲನ್ನು ಮಾತ್ರ ಬಿಡುವುದಿಲ್ಲವೆಂದೂ ಮುಂದೆ ಮೂರು ಸಾಲು ಬರೆದಿತ್ತು. ಗೈಡಿನಲ್ಲಿ ಇದ್ಯಾವುದೂ ಇರಲಿಲ್ಲ. ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು. ಅಚ್ಚಿನ ತಪ್ಪೊಂದರಿಂದ ಆ ಮಗು ತನ್ನ ಅವ್ವನ ಬಳಿಗೆ ದಾರಿ ಮಾಡಿಕೊಂಡಿತ್ತು. ಪೂರ್ತಿ ಅಂಕ ಕೊಟ್ಟೆ. ಉಳಿದ ಹನ್ನೊಂದಕ್ಕೂ ಕ್ರಮದ ಪ್ರಕಾರ ಕೊಡಬೇಕಾದ್ದನ್ನು ಕೊಟ್ಟೆ.

ಎರವಲು ಮಾತು ತನ್ನದಾಗುವುದು ಎಂದರೇನು ಎಂದು ಯಾರಾದರೂ ಕೇಳಿದರೆ ಆ ಉತ್ತರಪತ್ರಿಕೆಯನ್ನು ಹೇಳುತ್ತೇನೆ. ಅದು ಅರ್ಧ ಉತ್ತರವಷ್ಟೇ ಎಂದೂ ಸೇರಿಸುತ್ತೇನೆ. ಹನ್ನೆರಡರಲ್ಲಿ ಒಂದು.

ಹಣದ ವಿಷಯ ಎತ್ತಿದಾಗ ನಮ್ಮವರು ತಪ್ಪದೆ ಡಿವಿಜಿಯವರನ್ನು ಎದುರು ತಂದು ನಿಲ್ಲಿಸುತ್ತಾರೆ. ನಿಲ್ಲಿಸಬೇಕಾದ್ದೇ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಕೆಲಸ ಹುಡುಕುತ್ತಾ ಕೋಲಾರದ ಚಿನ್ನದ ಗಣಿಯ ಕಡೆಗೂ ಹೋದರು. ಕೊನೆಗೆ ಬೆಂಗಳೂರಿನಲ್ಲಿ ಪತ್ರಿಕಾವೃತ್ತಿ ಅವರ ಕೈ ಹಿಡಿಯಿತು. ಅಂಥವರು ಸರ್ಕಾರದಿಂದ ಬಂದ ಚೆಕ್ಕುಗಳನ್ನು ನಗದು ಮಾಡಿಕೊಳ್ಳದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೆಂಬ ಮಾತು ನಮ್ಮಲ್ಲಿ ಮನೆಮನೆಗೆ ಗೊತ್ತು. 1970ರಲ್ಲಿ ಬೆಂಗಳೂರಿನಲ್ಲಿ ಸನ್ಮಾನಿಸಿ ಹಣ ಅರ್ಪಿಸಿದಾಗ ಅಷ್ಟನ್ನೂ ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಪತ್ರಕರ್ತನ ಮಾತಿಗೆ ಸರ್ಕಾರ ಬೆಲೆ ಕಟ್ಟಿದರೆ ಓದುಗನಿಗೆ ಆ ಮಾತಿನ ಮೇಲೆ ಒರಗಲು ಧೈರ್ಯ ಬಾರದು ಎಂಬುದು ಅವರ ವಿಚಾರವಾಗಿದ್ದಿರಬೇಕು. ಅದನ್ನು ನಾನು ತಲೆಬಾಗಿ ಒಪ್ಪುತ್ತೇನೆ.

ಆದರೆ ಅವರ ಪತ್ನಿ ಭಾಗೀರಥಮ್ಮನವರು ಉಟ್ಟುಕೊಳ್ಳಲು ತಕ್ಕ ಸೀರೆಯಿಲ್ಲದೆ ನೆಂಟರ ಮನೆಯ ಸಮಾರಂಭಕ್ಕೆ ಹೋಗದೆ ಉಳಿದರೆಂಬ ಕತೆಯನ್ನೂ ಹೇಳುವುದನ್ನು ಕೇಳಿದ್ದೇನೆ. ಹೇಳುವವರು ಅದನ್ನು ಹಿರಿಮೆಯ ಕತೆಯಾಗಿಯೇ ಹೇಳುತ್ತಾರೆ. ನಾನು ಹೆಂಗಸಾದ್ದರಿಂದಲೋ ಏನೋ, ಸೀರೆಯ ಹರುಕಿನ ಮೇಲೇ ನನ್ನ ಕಣ್ಣು ನಿಲ್ಲುತ್ತದೆ. ಪೆಟ್ಟಿಗೆಯಲ್ಲಿ ಉಳಿದ ಚೆಕ್ಕಿನ ಒಂದು ಪಾಲನ್ನು ಸದಾ ಮನೆಯೊಳಗಿನ ಇನ್ನೊಬ್ಬರು ತೆತ್ತಿರುತ್ತಾರೆ. ಭಾಗೀರಥಮ್ಮನವರು ಮನಸಾರೆ ತೆತ್ತರು ಎಂದೇ ಎಲ್ಲರೂ ಹೇಳುತ್ತಾರೆ, ಇರಬಹುದು. ಎಲ್ಲರ ಮನೆಯ ಒಳಗಿನವರಿಂದಲೂ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. 1759ರಲ್ಲಿ ತಾಯಿ ಸತ್ತಾಗ ಜಾನ್ಸನ್ ಒಂದು ವಾರದ ಸಂಜೆಗಳಲ್ಲಿ 'ರಾಸೆಲಾಸ್' ಎಂಬ ಕತೆ ಬರೆದು ಮಾರಿದ. ಅಂತ್ಯಕ್ರಿಯೆಗೆ ಮತ್ತು ಆಕೆ ಬಿಟ್ಟ ಸಣ್ಣ ಸಾಲಗಳಿಗೆ ಹಣ ಬೇಕಿತ್ತು. ಸುಖವೆಂಬುದು ಎಲ್ಲಿದೆ ಎಂದು ಹುಡುಕಿ ಹೊರಡುವ ರಾಜಕುಮಾರನ ಕತೆ ಅದು. ಹಣಕ್ಕೆ ಬರೆದದ್ದೆಂದು ಅದರಲ್ಲಿ ಒಂದು ಸಾಲೂ ಸುಳ್ಳಾಗಿಲ್ಲ. ನಮ್ಮ ಗಳಗನಾಥರು ಶಾಲಾಮಾಸ್ತರರಾಗಿದ್ದವರು, ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು. ಅದನ್ನು ಸಂಭಾವನೆ ಎನ್ನಲಾದೀತೆ? ಅದು ಹೊರೆ ಹೊತ್ತ ಕೂಲಿ. ಹಾಗೆಂದರೆ ಅವರಿಗೆ ಕೋಪ ಬರುತ್ತಿರಲಿಲ್ಲವೆಂದು ಅಂದುಕೊಂಡಿದ್ದೇನೆ.

ಆ ಮೂರು ವರ್ಷಗಳಲ್ಲಿ ನಾನು ಒಲ್ಲೆನೆಂದ ಬರವಣಿಗೆಯೂ ಒಂದಿದೆ. ಒಂದು ಟ್ಯುಟೋರಿಯಲ್ಲಿನವರು ತಮ್ಮಲ್ಲಿ ಓದಿ ಪಾಸಾದ ಹುಡುಗಿಯ ತಾಯಿ ಬರೆದಂತೆ ಒಂದು ಮೆಚ್ಚುಗೆಯ ಪತ್ರ ಬೇಕೆಂದರು. ಒಂದೇ ಪುಟ, 200 ರೂಪಾಯಿ. ಗೈಡಿನ ದರಕ್ಕೆ ಹೋಲಿಸಿದರೆ ಕುಬೇರನ ದರ. ಅಂಥ ಹುಡುಗಿ ಇದ್ದಾಳೆಯೇ, ತಾಯಿಯನ್ನು ಒಮ್ಮೆ ಮಾತಾಡಿಸಿ ಬರೆಯುತ್ತೇನೆ ಎಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಬೇಡವೆಂದು ಬಂದೆ. ದೊಡ್ಡ ಧರ್ಮನಿಷ್ಠೆಯೆಂದು ಇದನ್ನು ಹೇಳುತ್ತಿಲ್ಲ. ಆ ತಿಂಗಳು ಗೈಡಿನ ಮುಂಗಡ ಕೈಯಲ್ಲಿತ್ತು, ಬೇಡವೆನ್ನುವುದು ಅಗ್ಗವಾಗಿತ್ತು. ಮುಂಗಡ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೆಂದು ಈಗ ಪ್ರಮಾಣ ಮಾಡಿ ಹೇಳಲಾರೆ.

ಈಚೆಗೆ ಇದೆಲ್ಲ ಮತ್ತೆ ತಲೆಗೆ ಬಂದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಎಂ.ಎ., ಬಿ.ಇಡಿ. ಮಾಡಿಕೊಂಡಿದ್ದಾಳೆ. ಎರಡು ಸಲ ಆಯ್ಕೆ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಈಗ ಕಾಲೇಜು ಹುಡುಗ ಹುಡುಗಿಯರಿಗೆ ಅಸೈನ್‌ಮೆಂಟ್ ಬರೆದುಕೊಡುತ್ತಾಳೆ; ಒಂದಕ್ಕೆ 300 ರೂಪಾಯಿ. ಮೊಬೈಲಿನಲ್ಲಿ ಕೇಳಿದರೆ ಯಂತ್ರವೇ ಕ್ಷಣದಲ್ಲಿ ಬರೆದುಕೊಡುವ ಕಾಲವಲ್ಲವೇನೇ ಇದು ಎಂದೆ. 'ಅದನ್ನ ಲೆಕ್ಚರರ್‌ಗಳು ಕಂಡುಹಿಡೀತಾರೆ ಮೇಡಂ, ಅದಕ್ಕೇ ಕೈಯಲ್ಲೇ ಬರೀಬೇಕು ಅಂತಾರೆ. ನಂಗೆ ಗಿರಾಕಿ ಜಾಸ್ತಿಯಾಗಿದ್ದೇ ಆಮೇಲೆ' ಎಂದಳು.

ನನ್ನ ತಕ್ಕಡಿಯಲ್ಲಿ ಇದು ನಿಸ್ಸಂಶಯವಾಗಿ ಚರ್ಚೆಗಳ ಕಡೆಗೆ ವಾಲುತ್ತದೆ. ಗೈಡಿನ ಹಾಗೆ ಬಹಿರಂಗದ ವ್ಯಾಪಾರವಲ್ಲ. ತಿದ್ದುವ ಉಪನ್ಯಾಸಕ ಮುಂದೆ ಕುಳಿತ ಹುಡುಗಿಯ ಮಾತೆಂದು ನಂಬಿ ಓದುತ್ತಾನೆ. ಇದನ್ನು ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು, ವಾದ ಮಾಡಲಿಲ್ಲ. ತಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆದರೂ ಹೋಗಿಬರುವ ಆಟೋ, ಔಷಧಿ ಮೈಮೇಲೆ ಬೀಳುತ್ತವೆ. ಬಿಟ್ಟುಬಿಡು ಎಂದು ಇನ್ನೊಮ್ಮೆ ಹೇಳಲು ನನಗೆ ಬಾಯಿ ಬರಲಿಲ್ಲ. ಪರವಾಗಿಲ್ಲ ಎನ್ನಲೂ ಬರಲಿಲ್ಲ.

ಬರೆದದ್ದೊಂದನ್ನು ತೋರಿಸು ಎಂದೆ. ಸ್ವಸಹಾಯ ಗುಂಪುಗಳ ಬಗ್ಗೆ ಹದಿನಾಲ್ಕು ಪುಟ. ನೀಟಾದ ಅಕ್ಷರ. ಒಂಬತ್ತನೆಯ ಪುಟದಲ್ಲಿ, ಗುಂಪಿನ ಸಾಲ ತೀರಿಸಲು ಸೀಮೆಹಸು ಮಾರಿದ ಹೆಂಗಸೊಬ್ಬಳು, ಮಾರಿದ ದಿನ ರಾತ್ರಿ ಕೊಟ್ಟಿಗೆಯ ದೀಪ ಆರಿಸಲು ಮರೆತದ್ದನ್ನು ಬರೆದಿದ್ದಳು. ಓದಿ ಅಲ್ಲೇ ನಿಂತೆ.

'ಇದು ನಿಮ್ಮಮ್ಮನ ಕತೆಯಲ್ವೇನೇ?'

'ಹೂಂ ಮೇಡಂ. ಉದಾಹರಣೆ ಕೊಡಿ ಅಂತಿತ್ತು. ಬೇರೆ ಯಾವುದೂ ಹೊಳೀಲಿಲ್ಲ.'

ಅದು ಈಗ ಯಾರೋ ಗೊತ್ತಿಲ್ಲದ ಹುಡುಗಿಯ ಹೆಸರಿನಲ್ಲಿ, ಯಾವುದೋ ಕಾಲೇಜಿನ ಬೀರುವಿನಲ್ಲಿ ಇರುತ್ತದೆ. ಮೋಸ ಹೋದವರಲ್ಲಿ ಉಪನ್ಯಾಸಕನೊಬ್ಬನನ್ನೇ ಲೆಕ್ಕ ಹಾಕಿದ್ದೆನಲ್ಲ ಎನಿಸಿತು. ಆ ಒಂದು ಪುಟವನ್ನು ಮತ್ತೆ ಬರೆ, ಬೇರೆ ರೀತಿಯಲ್ಲಿ ಬರೆ, ನಿನ್ನ ಹೆಸರು ಹಾಕಿ ಪತ್ರಿಕೆಗೆ ಕಳಿಸು ಎಂದು ಎರಡು ವಾರಪತ್ರಿಕೆಗಳ ವಿಳಾಸ ಬರೆದುಕೊಟ್ಟೆ. ಈಗ ಲಕೋಟೆಯ ಖರ್ಚೂ ಇಲ್ಲ, ಇಮೇಲ್ ಮಾಡಿದರೆ ಸಾಕು.

'ಎಷ್ಟು ಕೊಡ್ತಾರೆ ಮೇಡಂ?' ಎಂದಳು.

ಕೊಟ್ಟರೆ ಕೊಡುತ್ತಾರೆ, ಅಚ್ಚಾಗಿ ಎರಡು ಮೂರು ತಿಂಗಳ ಮೇಲೆ, ಎಂದು ಇದ್ದದ್ದನ್ನು ಹೇಳಿದೆ. ಅವಳು ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಕಾಫಿ ಲೋಟ ತಾನೇ ತೊಳೆದಿಟ್ಟಳು. ಸೋಮವಾರದೊಳಗೆ ಇನ್ನೆರಡು ಬರೆದುಕೊಡಬೇಕಿದೆ ಮೇಡಂ ಎಂದು ಚಪ್ಪಲಿ ಮೆಟ್ಟಿಕೊಂಡಳು.